ಗಂಟಲಿಗೆ ಫ್ಲೈಓವರ್ ಇಲ್ಲ

ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಂಡವನಿಗೆ ಯೋಚನೆ ಮಾಡಲು ಬೇಕಾದಷ್ಟು ಹೊತ್ತಿರುತ್ತದೆ. ಏರ್‌ಪೋರ್ಟಿನಿಂದ ಬರುವವರು, ಕೆ.ಆರ್. ಪುರಕ್ಕೆ ಹೋಗುವವರು, ಯಶವಂತಪುರದ ಕಡೆ ತಿರುಗುವವರು ಒಬ್ಬರಿಗೊಬ್ಬರು ಅಡ್ಡ ಬರದಿರಲಿ ಎಂದು ಅಲ್ಲಿ ಸೇತುವೆಗೆ ಸೇತುವೆ ಸೇರಿಸುತ್ತಲೇ ಇದ್ದಾರೆ. ನಮ್ಮ ಗಂಟಲಿನ ನಕ್ಷೆ ಬರೆದವನಿಗೆ ಇಷ್ಟು ಮುಂದಾಲೋಚನೆ ಇರಲಿಲ್ಲ. ಗಾಳಿ ಬರುವ ಮೂಗಿನ ದಾರಿ ಹಿಂದಿನಿಂದ ಇಳಿಯುತ್ತದೆ, ಗಾಳಿಯ ಕೊಳವೆ ಮುಂದಿದೆ. ಅನ್ನ ಬರುವ ಬಾಯಿ ಮುಂದಿದೆ, ಅನ್ನದ ಕೊಳವೆ ಹಿಂದಿದೆ. ಎರಡೂ ಗಂಟಲಲ್ಲಿ ಒಂದನ್ನೊಂದು ಅಡ್ಡ ಹಾಯಲೇಬೇಕು. ಫ್ಲೈಓವರ್ ಇಲ್ಲ, ಅಂಡರ್‌ಪಾಸ್ ಇಲ್ಲ. ಇರುವುದೊಂದು ಸಿಗ್ನಲ್.

ಆ ಸಿಗ್ನಲ್ ಕೆಟ್ಟು ನಿಲ್ಲುವುದು ಮಾತ್ರ ಅಪರೂಪ. ಕತ್ತಿನ ಮುಂದಿನ ಉಬ್ಬಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ ನೋಡಿ. ಅದು ಟಕ್ಕನೆ ಮೇಲೆ ಹೋಗಿ ಕೆಳಗಿಳಿಯುತ್ತದೆ. ಅಷ್ಟರಲ್ಲಿ ಒಳಗೆ ದೊಡ್ಡ ಕಾರುಬಾರೇ ಮುಗಿದಿರುತ್ತದೆ. ಮೆತ್ತನೆಯ ಹಿಂಬದಿಯ ಅಂಗುಳ ಮೇಲೆದ್ದು ಮೂಗಿನ ದಾರಿ ಬಂದ್ ಮಾಡುತ್ತದೆ. (ನಗಿಸುವ ಸ್ನೇಹಿತರ ಜೊತೆ ಕಾಫಿ ಕುಡಿದವರಿಗೆ ಆ ದಾರಿ ತೆರೆದಿದ್ದರೆ ಏನಾಗುತ್ತದೆಂದು ಗೊತ್ತು.) ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿದು ನಾಲಗೆಯ ಬುಡದಡಿ ಅವಿತುಕೊಳ್ಳುತ್ತದೆ. ಎಲೆಯಾಕಾರದ ಮೃದ್ವಸ್ಥಿಯೊಂದು ಅದರ ಬಾಯಿಗೆ ಮಗುಚಿಕೊಳ್ಳುತ್ತದೆ. ಸಾಲದೆಂದು ಒಳಗಿನ ಎರಡು ಜೊತೆ ಮಡಿಕೆಗಳೂ ಬಿಗಿಯಾಗಿ ಕೂಡಿಕೊಳ್ಳುತ್ತವೆ. ಉಸಿರು ನಿಂತು, ತುತ್ತು ಜಾರಿ, ಮತ್ತೆ ಉಸಿರು ಹೊರಡಲು ಒಂದು ಸೆಕೆಂಡಿನ ಆಸುಪಾಸು ಸಾಕು. ಆ ಉಸಿರೂ ಸಾಮಾನ್ಯವಾಗಿ ಹೊರಕ್ಕೇ ಹೊರಡುತ್ತದೆ. ಬಾಗಿಲಲ್ಲಿ ಅಗುಳೊಂದು ಉಳಿದಿದ್ದರೂ ಒಳಗೆಳೆದುಕೊಳ್ಳುವ ಭಯವಿಲ್ಲ.

ಆ ಎರಡು ಜೊತೆಗಳಲ್ಲಿ ಕೆಳಗಿನದೇ ನಮ್ಮ ಧ್ವನಿತಂತುಗಳು. ಅಂದರೆ ಮಾತು ಎನ್ನುವುದು ಟ್ರಾಫಿಕ್ ಪೊಲೀಸ್ ಬಿಡುವಿನಲ್ಲಿ ಹಾಡಿಕೊಳ್ಳುವ ಹಾಡು. ಸಂಬಳ ಬರುವುದು ತಡೆಯುವ ಕೆಲಸಕ್ಕೆ. ಹಾಡುತ್ತಲೇ ತಡೆಯಲು ಅವನಿಗೆ ಆಗುವುದಿಲ್ಲ.

ಎರಡನ್ನೂ ಒಟ್ಟಿಗೆ ಮಾಡಿಸುವವರನ್ನು ನೋಡಬೇಕೆಂದರೆ ಬೆಳಗ್ಗೆ ಒಂಬತ್ತಕ್ಕೆ ಯಲಹಂಕದ ಯಾವ ದರ್ಶಿನಿಗೆ ಹೋದರೂ ಆದೀತು. ಹೋದ ವಾರ ಅಲ್ಲೊಬ್ಬ ಹುಡುಗ ಕಿವಿಗೆ ಬ್ಲೂಟೂತ್ ಸಿಕ್ಕಿಸಿಕೊಂಡು, ಬಾಯ್ತುಂಬ ಖಾರಾಬಾತ್ ಇಟ್ಟುಕೊಂಡೇ ಆಫೀಸಿಗೆ ವರದಿ ಒಪ್ಪಿಸುತ್ತಿದ್ದ. "ಸರ್, ಸಂಜೆ ಒಳಗೆ..." ಅಷ್ಟೇ, ನೆತ್ತಿಗೆ ಹತ್ತಿತು. ಕೂಡಲೇ ಪರಿಣತರು ನೆರೆದರು. ಟೇಬಲ್ ಒರೆಸುವವನು ನೆತ್ತಿ ತಟ್ಟಿದ. ಗಲ್ಲಾದಲ್ಲಿದ್ದ ಯಜಮಾನರು ಎದ್ದು ನಿಂತು "ಮೇಲೆ ನೋಡಪ್ಪ, ಮೇಲೆ ನೋಡು" ಎಂದರು. ಇಡ್ಲಿ ತಿನ್ನುತ್ತಿದ್ದ ಅಜ್ಜಿಯೊಬ್ಬರು "ಯಾರೋ ನೆನೆಸಿಕೊಳ್ತಿದಾರೆ ಕಣೋ ಮಗಾ" ಎಂದರು. ನೆನೆಸಿಕೊಳ್ಳುವುದೇನು ಬಂತು, ಮ್ಯಾನೇಜರು ಲೈನಲ್ಲೇ ಇದ್ದರು. ಹುಡುಗ ಕೆಮ್ಮಿ ಕೆಮ್ಮಿ ತಾನೇ ಸರಿಹೋದ. ಕೆಮ್ಮಿಗೆ ಯಾರೂ ಶಹಭಾಸ್ ಎನ್ನಲಿಲ್ಲ, ಕೀರ್ತಿಯೆಲ್ಲ ನೆತ್ತಿ ತಟ್ಟಿದವನಿಗೆ ಹೋಯಿತು.

ನೆತ್ತಿಗೂ ಶ್ವಾಸನಾಳಕ್ಕೂ ಯಾವ ರಸ್ತೆಯೂ ಇಲ್ಲ. 'ಮೇಲೆ ನೋಡು' ಎಂಬುದಂತೂ ತಿರುಗುಮುರುಗು ಸಲಹೆ. ತಲೆ ಹಿಂದಕ್ಕೆ ವಾಲಿದಷ್ಟೂ ಗಾಳಿಯ ದಾರಿಗೆ ಕಾವಲು ಕಷ್ಟ. ನುಂಗಲು ತೊಂದರೆ ಇರುವ ಎಷ್ಟೋ ಜನರಿಗೆ ತಜ್ಞರು ಹೇಳಿಕೊಡುವುದು ಗಲ್ಲ ತಗ್ಗಿಸಿ ನುಂಗುವುದನ್ನು. ನಾವೋ, ಮಡಿ ಕೆಡಬಾರದೆಂದು ಚೊಂಬು ಎತ್ತಿ ಕುಡಿಯುವ ಜನ. ಸಾಲದ್ದಕ್ಕೆ 1996ರಿಂದ ಯಲಹಂಕದಲ್ಲಿ ಏರ್ ಶೋ ಬೇರೆ. ವಿಮಾನ ಗುಡುಗಿದರೆ ಇಡೀ ಊರು ಬಾಯಲ್ಲಿ ತುತ್ತಿಟ್ಟುಕೊಂಡೇ ಆಕಾಶ ನೋಡುತ್ತದೆ.

ಮುದ್ದೆಯನ್ನು ಅಗಿಯದೆ ನುಂಗುವ ಊರಿನವರಿಗೆ ಆಶ್ಚರ್ಯವಾಗಬಹುದು, ಪಾರ್ಶ್ವವಾಯು ಹೊಡೆದು ನುಂಗುವುದು ನಿಧಾನವಾದವರಿಗೆ ಬರೀ ನೀರೇ ಹೆಚ್ಚು ಅಪಾಯ. ಬೈಕಿನವರ ಹಾಗೆ ಅದು ಕೆಂಪು ದೀಪ ಬೀಳುವ ಮೊದಲೇ ನುಗ್ಗಿಬಿಡುತ್ತದೆ. ಅದಕ್ಕೇ ನೀರನ್ನು ಗಂಜಿಯಷ್ಟು ಮಂದ ಮಾಡಿ ಕುಡಿಸುವುದುಂಟು.

ಫ್ಲೈಓವರ್ ಸಿಕ್ಕವರೂ ಇದ್ದಾರೆ. ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಸಿಕೊಂಡವರು ಕತ್ತಿನ ರಂಧ್ರದಿಂದ ಉಸಿರಾಡುತ್ತಾರೆ. ಅನ್ನ, ಗಾಳಿ ಎರಡರ ದಾರಿಯೂ ಬೇರೆಬೇರೆ. ಟೋಲ್ ಮಾತ್ರ ದುಬಾರಿ, ದನಿಯನ್ನೇ ಕೊಡಬೇಕು. ಅದನ್ನು ಮರಳಿ ಪಡೆಯಲು ಎರಡೂ ಕೊಳವೆಗಳ ನಡುವೆ ಪುಟ್ಟ ಕವಾಟವೊಂದನ್ನು ಕೂರಿಸುತ್ತಾರೆ. ಗಾಳಿ ಆಚೆ ಹೋಗಬೇಕು, ಸಾರು ಈಚೆ ಬರಬಾರದು. ವಿದೇಶದ ಕವಾಟಕ್ಕೆ ಸಾವಿರಾರು ರೂಪಾಯಿ. ಬೆಂಗಳೂರಿನ ವೈದ್ಯ ಡಾ. ವಿಶಾಲ್ ರಾವ್ ಗೆಳೆಯರೊಬ್ಬರ ಜೊತೆ ಸೇರಿ ಸುಮಾರು 50 ರೂಪಾಯಿಯದನ್ನು ರೂಪಿಸಿ 'ಓಂ' ಎಂದು ಹೆಸರಿಟ್ಟರು. ಈ ಊರಿನಲ್ಲಿ ಒನ್‌ವೇ ಪಾಲಿಸುವುದು ಬಹುಶಃ ಅದೊಂದೇ.

ಇನ್ನು ನಿಮ್ಮೆದುರು ಯಾರಿಗಾದರೂ ನೆತ್ತಿಗೆ ಹತ್ತಿ, ಜೋರಾಗಿ ಕೆಮ್ಮುತ್ತಿದ್ದರೆ ದಯವಿಟ್ಟು ಕೆಮ್ಮಲು ಬಿಡಿ. ದನಿಯೇ ಹೊರಡದೆ ಕತ್ತು ಹಿಡಿದುಕೊಂಡರೆ ಮುಂದಕ್ಕೆ ಬಗ್ಗಿಸಿ, ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಗುದ್ದಿ. ಜಗ್ಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಿ, ಬಿಡುವವರೆಗೂ ಎರಡನ್ನೂ ಮುಂದುವರಿಸಿ. ಬಸುರಿಯರಿಗೂ ವರ್ಷ ತುಂಬದ ಕೂಸುಗಳಿಗೂ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು. 108ಕ್ಕೆ ಪಕ್ಕದವರು ಫೋನ್ ಮಾಡಲಿ, ನೀವು ಕೈ ಬಿಡಬೇಡಿ.