ಕವಿಗೋಷ್ಠಿ ಮೀಮಾಂಸೆ ಅಥವಾ ಓದುವ ಮುನ್ನ ಎರಡು ಮಾತು

ಪೀಠಿಕೆ

ಕವಿತೆ ಮೊದಲೋ ಕವಿಗೋಷ್ಠಿ ಮೊದಲೋ ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಯಾರೂ ಎತ್ತಿಲ್ಲ. ಕಾವ್ಯದ ಆತ್ಮ ರಸವೋ ಧ್ವನಿಯೋ ರೀತಿಯೋ ಎಂದು ಶತಮಾನಗಟ್ಟಲೆ ಜಗಳವಾಡಿದವರು, ಕಾವ್ಯದ ಶರೀರಕ್ಕೆ ಮೈಕು, ಶಾಲು, ಸ್ಮರಣಿಕೆ ಎಂಬ ಅಂಗಗಳೂ ಇವೆ ಎಂಬುದನ್ನು ಗಮನಿಸದೇ ಹೋದರು. ಆ ಕೊರತೆ ನೀಗಲೆಂದು, ಯಾರೂ ಕೇಳದಿದ್ದರೂ, ಈ ಗ್ರಂಥವನ್ನು ರಚಿಸಲಾಗಿದೆ. ಯಾರೂ ಕೇಳದಿದ್ದರೂ ಹೇಳುವುದು ಪ್ರಸ್ತುತ ವಿಷಯದ ಪ್ರಾಣಲಕ್ಷಣವೇ ಆದ್ದರಿಂದ ಅದನ್ನು ಗ್ರಂಥದೋಷವೆಂದು ಎಣಿಸತಕ್ಕದ್ದಲ್ಲ.

ಈ ಶಾಸ್ತ್ರಕ್ಕೆ ಪೂರ್ವಾಚಾರ್ಯನೊಬ್ಬನಿದ್ದಾನೆ. 10ನೇ ಶತಮಾನದ ಆಸುಪಾಸಿನ ರಾಜಶೇಖರ. ಇವನ ಸಂಸ್ಕೃತ ‘ಕಾವ್ಯಮೀಮಾಂಸೆ’ಯಲ್ಲಿ ಕವಿ ಯಾವ ಜಾವದಲ್ಲಿ ಏನು ಮಾಡಬೇಕು, ಅವನ ಮನೆ ಹೇಗಿರಬೇಕು, ಕೈಯಳತೆಯಲ್ಲಿ ಬರೆಯುವ ಸಾಮಗ್ರಿ ಏನೇನಿರಬೇಕು ಎಂಬುದೆಲ್ಲ ಇದೆ. ರಾಜನು ಕವಿಸಭೆಗೆಂದು ಕಟ್ಟಿಸಬೇಕಾದ ಮಂಟಪದ ಅಳತೆಯೂ ಇದೆ: ಕಂಬಗಳು 16, ಬಾಗಿಲುಗಳು 4. ನಾಲ್ಕು ಬಾಗಿಲು ಗಾಳಿಬೆಳಕಿಗಾಗಿ ಎಂದು ಮುಗ್ಧರು ತಿಳಿಯುತ್ತಾರೆ. ಗೋಷ್ಠಿಯ ಹಿಂದಿನ ಸಾಲಿನಲ್ಲಿ ಕೂತು ಅನುಭವವಿದ್ದವರಿಗೆ ಆಚಾರ್ಯನ ಕರುಣೆ ತಕ್ಷಣ ಅರ್ಥವಾಗುತ್ತದೆ. ಈಗಿನ ಸಭಾಂಗಣಗಳಲ್ಲಿ ತೆರೆದಿರುವುದು ಒಂದೇ ಬಾಗಿಲು. ಅಲ್ಲಿ ಸಂಘಟಕರು ಕೈಮುಗಿದು ನಿಂತಿರುತ್ತಾರೆ.

ಸಂಜ್ಞಾ ಪ್ರಕರಣ

ಮುಂದಿನ ಚರ್ಚೆಗೆ ಬೇಕಾಗುವ ಪಾರಿಭಾಷಿಕ ಪದಗಳು ಇವು.

ಕವಿ: ಆಹ್ವಾನ ಪತ್ರಿಕೆಯಲ್ಲಿ ಹೆಸರುಳ್ಳವನು. ಹೆಸರಿದ್ದೂ ಬಾರದವನು ಹಿರಿಯ ಕವಿ. ಹೆಸರಿಲ್ಲದೆಯೂ ಬಂದವನು ಉದಯೋನ್ಮುಖ ಕವಿ.

ಎರಡು ಮಾತು: ಕವಿತೆಗೆ ಮುಂಚೆ ಬರುವ ಗದ್ಯಭಾಗ. ಇಲ್ಲಿ ಎರಡು ಎಂಬುದು ಸಂಖ್ಯಾವಾಚಕವಲ್ಲ, ವಿನಯವಾಚಕ.

ಸಮಯ: ಬೇರೆ ಕವಿಗಳು ಮೀರುವಂಥದ್ದು.

ಚೀಟಿ: ನಿರೂಪಕರು ಕವಿಯ ಕೈಗೆ ಕೊಡುವ, ಕವಿ ಓದದೇ ಜೇಬಿಗೆ ಹಾಕಿಕೊಳ್ಳುವ ಏಕೈಕ ಬರಹ.

ಸಹೃದಯ: ತನ್ನ ಸರದಿ ಇನ್ನೂ ಬಾರದ ಕವಿ. ಸರದಿ ಮುಗಿದ ಕೂಡಲೇ ಈ ಸಂಜ್ಞೆ ರದ್ದಾಗುತ್ತದೆ, ಬಹುತೇಕ ಸಂದರ್ಭಗಳಲ್ಲಿ ವ್ಯಕ್ತಿಯೂ ಅಲ್ಲಿಂದ ಕಾಣೆಯಾಗುತ್ತಾನೆ.

ಅಧ್ಯಕ್ಷರು: ಎಲ್ಲರ ಕವಿತೆಗಳನ್ನೂ ಕೇಳಿದ್ದಾರೆಂದು ನಂಬಲಾದವರು. ಈ ನಂಬಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಅವರು ಎಲ್ಲ ಕವಿತೆಗಳಲ್ಲೂ ‘ಸಾಮಾಜಿಕ ಕಳಕಳಿ’ಯನ್ನು ಗುರುತಿಸುತ್ತಾರೆ.

ವಾಚನ ಪ್ರಕರಣ

ಯಾವ ನಾಡಿನವರು ಕವಿತೆಯನ್ನು ಹೇಗೆ ಓದುತ್ತಾರೆ ಎಂಬ ಕ್ಷೇತ್ರಕಾರ್ಯವನ್ನು ರಾಜಶೇಖರ ಆಗಲೇ ಮಾಡಿ ಮುಗಿಸಿದ್ದಾನೆ. ಶಾರದೆಯ ಕೃಪೆಯಿಂದ ಕಾಶ್ಮೀರದವರು ಒಳ್ಳೆಯ ಕವಿಗಳಂತೆ, ಆದರೆ ಅವರು ಓದತೊಡಗಿದರೆ ಕಿವಿಗೆ ಅಮೃತಬಳ್ಳಿಯ ಕಹಿರಸ ಹೊಯ್ದ ಹಾಗಂತೆ. ಇನ್ನು ನಮ್ಮವರ ವಿಷಯ. ರಸ ಯಾವುದಾದರೂ ಇರಲಿ, ರೀತಿ ಯಾವುದಾದರೂ ಇರಲಿ, ಗುಣ ಯಾವುದಾದರೂ ಇರಲಿ, ಕರ್ಣಾಟರು ಎಲ್ಲರೂ ಗರ್ವದಿಂದ, ಕೊನೆಗೆ ಬಿಲ್ಲಿನ ಹೆದೆಯ ಟಂಕಾರ ಹೊರಡಿಸಿ ಓದುತ್ತಾರೆ ಎಂದು ಅವನ ವರದಿ. ಸಾವಿರ ವರ್ಷಗಳ ಹಿಂದಿನ ಈ ವರದಿಯನ್ನು ಪರಿಷ್ಕರಿಸುವ ಅಗತ್ಯ ಇದುವರೆಗೂ ಬಿದ್ದಿಲ್ಲ. ಅಮ್ಮನ ಮೇಲಿನ ಕವಿತೆಯಾಗಲಿ, ಬರಗಾಲದ ಮೇಲಿನ ಕವಿತೆಯಾಗಲಿ, ಕೊನೆಯ ಸಾಲಿಗೆ ಬರುತ್ತಲೇ ಕವಿ ಒಂದು ಹೆಜ್ಜೆ ಹಿಂದೆ ಸರಿದು, ಕಾಗದ ಕೆಳಗಿಳಿಸಿ, ಮೈಕಿನ ಮೇಲೆ ಟಂಕಾರ ಮಾಡಿಯೇ ಮಾಡುತ್ತಾನೆ. ಪರಂಪರೆ ಅಳಿಯುತ್ತಿದೆ ಎಂದು ಕೊರಗುವವರು ಇದನ್ನು ಗಮನಿಸಬೇಕು.

ಆಧುನಿಕ ವಾಚನದಲ್ಲಿ ಏಕಪಾಠ, ದ್ವಿಪಾಠ, ತ್ರಿಪಾಠ ಎಂಬ ಮೂರು ಭೇದಗಳುಂಟು. ಉರ್ದು ಮುಶಾಯಿರಾದಲ್ಲಿ ಸಾಲು ಹಿಡಿಸಿದರೆ ಸಭಿಕರೇ ‘ಮುಕರ್ರರ್’ ಎಂದು ಕೂಗಿ ಮತ್ತೊಮ್ಮೆ ಹೇಳಿಸುತ್ತಾರೆ. ಕನ್ನಡ ಕವಿ ಸಭಿಕರಿಗೆ ಅಷ್ಟು ತ್ರಾಸ ಕೊಡುವವನಲ್ಲ. ಪ್ರತಿಯೊಂದು ಸಾಲನ್ನೂ ತಾನೇ ಎರಡು ಸಲ ಓದುತ್ತಾನೆ. ಶೀರ್ಷಿಕೆಯನ್ನು ಮೂರು ಸಲ.

ಇತ್ತೀಚೆಗೆ ನಾಲ್ಕನೆಯದೊಂದು ಭೇದ ಹುಟ್ಟಿದೆ. ಕವಿ ಮೊಬೈಲಿನಲ್ಲಿ ಓದುತ್ತಿರುತ್ತಾನೆ. ‘ಆ ಕತ್ತಲೆಯ ಒಳಗೆ’ ಎಂಬಲ್ಲಿಗೆ ಬಂದಾಗ ಪರದೆ ಕಪ್ಪಾಗುತ್ತದೆ. ಕವಿ ಹೆಬ್ಬೆರಳು ಒತ್ತುತ್ತಾನೆ. ಬೆವರಿದ ಬೆರಳನ್ನು ಫೋನು ಗುರುತಿಸುವುದಿಲ್ಲ. ಪಂಚೆಗೆ ಒರೆಸಿ ಮತ್ತೆ ಒತ್ತುತ್ತಾನೆ. ಈ ಮಧ್ಯೆ ಬಾಯಿ ಸುಮ್ಮನಿರಬಾರದೆಂದು ‘ಒಳಗೆ… ಒಳಗೆ… ಒಳಗೆ…’ ಎನ್ನುತ್ತಾನೆ, ಒಂದೊಂದು ಸಲವೂ ಇನ್ನಷ್ಟು ತಗ್ಗಿದ ದನಿಯಲ್ಲಿ. ಪರದೆ ಬೆಳಗುವಷ್ಟರಲ್ಲಿ ಸಭೆ ಸ್ತಬ್ಧವಾಗಿರುತ್ತದೆ. ಆ ಗೋಷ್ಠಿಯ ಅತಿ ದೊಡ್ಡ ಚಪ್ಪಾಳೆ ಈ ಜಾಗಕ್ಕೆ ಬೀಳುತ್ತದೆ. ಇದಕ್ಕೆ ತಾಂತ್ರಿಕ ಧ್ವನಿ ಎಂದು ಹೆಸರಿಡಲಾಗಿದೆ.

ಸೃಷ್ಟಿರಹಸ್ಯ ಪ್ರಕರಣ

ವಾಚನದ ಬೆನ್ನಿಗೇ ಸಂವಾದ. ಸಂವಾದದಲ್ಲಿ ‘ನಿಮ್ಮ ಸೃಜನಪ್ರಕ್ರಿಯೆ ಹೇಗೆ ಸಾರ್?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಇದರ ಉತ್ತರದ ಇತಿಹಾಸವನ್ನು ನೋಡೋಣ.

941ರ ಸುಮಾರಿಗೆ ಪಂಪನು ತನ್ನ ಎರಡು ಮಹಾಕಾವ್ಯಗಳಲ್ಲಿ ಭಾರತಕ್ಕೆ ಆರು ತಿಂಗಳು, ಆದಿಪುರಾಣಕ್ಕೆ ಮೂರು ತಿಂಗಳು ಹಿಡಿಯಿತು ಎಂದು ತಿಳಿಸಿದ. ಕೆಲಸದ ಅವಧಿ ಎಷ್ಟೆಂದು ಹೇಳಿ ಮುಗಿಸಿದ ಮೇಸ್ತ್ರಿಯ ಮಾತಿದು. ಪ್ರೇರಣೆ ಎಲ್ಲಿಂದ ಬಂತು, ಬರೆಯುವಾಗ ಕಿಟಕಿಯಾಚೆ ಏನಿತ್ತು ಎಂಬ ವಿವರ ಕೊಡದೇ ಅವನು ಸಂಶೋಧಕರಿಗೆ ಅನ್ಯಾಯ ಮಾಡಿದ್ದಾನೆ. ರನ್ನನಾದರೋ ತನ್ನ ಕೃತಿಯನ್ನು ಪರೀಕ್ಷಿಸಲು ಬರುವವನಿಗೆ ಎಂಟು ಗುಂಡಿಗೆಗಳಿವೆಯೇ ಎಂದು ಕೇಳಿ ಸಂವಾದವನ್ನು ಶುರುವಾಗುವ ಮೊದಲೇ ಮುಗಿಸಿಬಿಟ್ಟ.

ಗದುಗಿನ ನಾರಣಪ್ಪನಿಂದ, ಅಂದರೆ ಕುಮಾರವ್ಯಾಸನಿಂದ, ಶಾಸ್ತ್ರಕ್ಕೆ ಹೆಚ್ಚು ಉಪಕಾರವಾಗಿದೆ. ಕರಡಿಲ್ಲ, ತಿದ್ದುಪಡಿಯಿಲ್ಲ ಎಂಬುದು ಅವನ ಹೆಮ್ಮೆ. ಅವನು ತಿದ್ದದೇ ಹತ್ತು ಪರ್ವ ಬರೆದ. ಈಗಿನವರು ತಿದ್ದದೇ ಹತ್ತು ಸಾಲು ಬರೆಯುತ್ತಾರೆ. ತಿದ್ದದಿರುವಿಕೆ ಉಭಯತ್ರ ಸಮಾನವಾದ್ದರಿಂದ ಪ್ರತಿಭೆಯೂ ಸಮಾನವೆಂದು ಊಹಿಸಿಕೊಳ್ಳಲು ಅಡ್ಡಿಯಿಲ್ಲ. ಇನ್ನೊಂದು ಸಾಕ್ಷ್ಯ ಐತಿಹ್ಯದ್ದು: ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ವೀರನಾರಾಯಣನ ಗುಡಿಯ ಕಂಬದ ಬಳಿ ಕೂತರೆ, ಬಟ್ಟೆ ಆರುವವರೆಗೆ ಕಾವ್ಯ ಹರಿಯುತ್ತಿತ್ತು, ಆರಿದ ಮೇಲೆ ನಿಲ್ಲುತ್ತಿತ್ತು. ಭಕ್ತರು ಇದನ್ನು ದೈವಾನುಗ್ರಹವೆಂದು ಓದಿದ್ದಾರೆ. ವಾಸ್ತವವಾಗಿ ಇದು ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಸಮಯಮಿತಿ. ಚೀಟಿಗೆ ಬಗ್ಗದ ಕವಿ ಒದ್ದೆ ಪಂಚೆಗೆ ಬಗ್ಗಿಯಾನು ಎಂಬ ಆಸೆಯಿಂದ ಈ ಪದ್ಧತಿಯನ್ನು ಮತ್ತೆ ಜಾರಿಗೆ ತರಬಹುದು. ಆದರೆ ಪ್ರಾದೇಶಿಕ ಅಸಮಾನತೆಯ ಭಯವಿದೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಕವಿಗೆ ಹನಿಗವನವಷ್ಟೇ ದಕ್ಕೀತು. ಜುಲೈನ ಆಗುಂಬೆಯಲ್ಲಿ ಮಹಾಕಾವ್ಯ ಗ್ಯಾರಂಟಿ. ಮಲೆನಾಡಿನ ಕುಪ್ಪಳಿಯ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅನ್ನು 1936ರಿಂದ 1946ರವರೆಗೆ ಬರೆದದ್ದು ಈ ಸಿದ್ಧಾಂತಕ್ಕೆ ಬಲ ಕೊಡುತ್ತದೆ. ಆಗ ಅವರು ವಾಸವಿದ್ದದ್ದು ಮಲೆನಾಡಿನಲ್ಲೇ ಅಲ್ಲ ಎಂಬ ಆಕ್ಷೇಪವನ್ನು ಎರಡನೇ ಸಂಪುಟದಲ್ಲಿ ಪರಿಹರಿಸಲಾಗುವುದು.

ಈ ಕಾಲದ ಉತ್ತರಗಳು ನಾಲ್ಕು ವಾದಗಳಾಗಿ ಒಡೆದಿವೆ. ಮೊದಲನೆಯದು ಅಕರ್ತೃವಾದ: ‘ನಾನು ಬರೆಯಲಿಲ್ಲ, ಕವಿತೆ ತಾನೇ ಬರೆಸಿಕೊಂಡಿತು.’ ಈ ವಾದಿಗಳು ಗೌರವಧನದ ಚೆಕ್ಕನ್ನು ಮಾತ್ರ ತಮ್ಮ ಹೆಸರಿಗೇ ಬರೆಸಿಕೊಳ್ಳುತ್ತಾರೆ. ಎರಡನೆಯದು ಪ್ರಯಾಣವಾದ: ‘ಈ ಕವಿತೆ ನಿನ್ನೆ ಬಸ್ಸಿನಲ್ಲಿ ಬರುವಾಗ ಹೊಳೆಯಿತು.’ ಸಾರಿಗೆ ಸಂಸ್ಥೆ ಇದರ ಹೊಣೆಯನ್ನು ಈವರೆಗೆ ಹೊತ್ತಿಲ್ಲ. ಮೂರನೆಯದು ವೇದನಾವಾದ: ಪ್ರತಿ ಕವಿತೆಯೂ ಹೆರಿಗೆಯ ನೋವು ಎನ್ನುವುದು. ಇದನ್ನು ಹೆಚ್ಚಾಗಿ ಮಂಡಿಸುವವರು ಗಂಡಸರು. ಸಭೆಯಲ್ಲಿರುವ ಹೆಂಗಸರು ಆಗ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ನಾಲ್ಕನೆಯದು ಮೌನವಾದ: ‘ಕವಿ ಮಾತಾಡಬಾರದು, ಕವಿತೆ ಮಾತಾಡಬೇಕು.’ ಈ ವಾದದ ಮಂಡನೆಗೆ ಅತಿ ಹೆಚ್ಚು ಸಮಯ ತಗಲುತ್ತದೆ.

ಇವೆಲ್ಲಕ್ಕೂ ರಾಜಶೇಖರ ಮುಂಚೆಯೇ ಮೂರು ನಿಷೇಧ ಹಾಕಿದ್ದ. ಅರ್ಧ ಬರೆದದ್ದನ್ನು ಓದಬೇಡ, ಅದು ಅರ್ಧದಲ್ಲೇ ನಿಂತುಹೋಗುತ್ತದೆ. ಹೊಸ ಕೃತಿಯನ್ನು ಒಬ್ಬನೇ ಒಬ್ಬನ ಮುಂದೆ ಓದಬೇಡ, ಅವನು ತನ್ನದೆಂದುಬಿಟ್ಟರೆ ಸಾಕ್ಷಿ ಹೇಳುವವರಿಲ್ಲ. ನಿನ್ನ ಕೃತಿಯನ್ನು ನೀನೇ ಬಹಳವಾಗಿ ಮೆಚ್ಚಬೇಡ. ಎರಡನೆಯ ನಿಷೇಧದ ಪಾಲನೆಗೆಂದೇ ಸಂಘಟಕರ ಜೊತೆ ಮೈಕ್‌ಸೆಟ್ಟಿನವನನ್ನೂ ಸಭೆಯಲ್ಲಿ ಕೂರಿಸುವ ಏರ್ಪಾಡಿದೆ. ಮೂರನೆಯದರ ಪಾಲನೆಗೆ ಯಾವ ಏರ್ಪಾಡೂ ಕಂಡುಬಂದಿಲ್ಲ.

ಸಹೃದಯ ಪ್ರಕರಣ

ಕೇಳುವವರಲ್ಲಿ ನಾಲ್ಕು ಬಗೆ ಎಂದು ಅದೇ ಆಚಾರ್ಯ ವಿಂಗಡಿಸಿದ್ದಾನೆ. ಯಾವುದೂ ರುಚಿಸದವನು, ಹುಲ್ಲುಸಮೇತ ಎಲ್ಲವನ್ನೂ ನುಂಗುವವನು, ಹೊಟ್ಟೆಕಿಚ್ಚಿನವನು, ತತ್ತ್ವವನ್ನು ಹಿಡಿಯುವವನು. ಕಡೆಯವನು ಸಾವಿರಕ್ಕೊಬ್ಬ. ಈಗ ಐದನೆಯ ಬಗೆ ಸೇರಿದೆ: ತನ್ನ ಕವಿತೆಯನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಾ ಬೇರೆಯವರ ಕವಿತೆಗೆ ತಲೆದೂಗುವವನು.

ಪ್ರತಿಕ್ರಿಯೆಯ ಗುಣಮಟ್ಟವೂ ಕುಸಿದಿದೆ. ರಾಘವಾಂಕನು ಹರಿಶ್ಚಂದ್ರನ ಕಥೆಯನ್ನು ಕಾವ್ಯ ಮಾಡಿದಾಗ, ಶಿವಭಕ್ತರನ್ನು ಬಿಟ್ಟು ಮನುಷ್ಯನನ್ನು ಹೊಗಳಿದೆಯಾ ಎಂದು ಸೋದರಮಾವ ಹರಿಹರ ಪಾದುಕೆಯಿಂದ ಹೊಡೆದು ಐದು ಹಲ್ಲು ಉದುರಿಸಿದನೆಂದು ಐತಿಹ್ಯ. ಶಿವಶರಣರ ಮೇಲೆ ಒಂದೊಂದು ಕೃತಿ ಬರೆದಂತೆಲ್ಲ ಒಂದೊಂದು ಹಲ್ಲು ಮರಳಿ ಬಂತಂತೆ. ಕವಿ ಆ ವಿಮರ್ಶೆಯನ್ನು ಗಂಭೀರವಾಗಿ ತೆಗೆದುಕೊಂಡ ಎಂಬುದರಲ್ಲಿ ಸಂಶಯವಿಲ್ಲ. ಇಷ್ಟಾದರೂ ಆ ಮಾವ ಕಾವ್ಯವನ್ನು ಪೂರ್ತಿ ಅರಿತಿದ್ದ, ಅದರ ವಸ್ತುವಿನ ಬಗ್ಗೆಯೇ ಸಿಟ್ಟಾಗಿದ್ದ. ಬರೆಯುವುದು ಬೆಳಗ್ಗೆಯೋ ರಾತ್ರಿಯೋ ಎಂದು ವಿಚಾರಿಸಲಿಲ್ಲ.

ಪೂರ್ವಪಕ್ಷ

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ‘ಕವಿಯೇ ಓದಿದರೆ ಕವಿತೆಗೆ ಜೀವ ಬರುವುದಿಲ್ಲವೇ? 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದಲ್ಲಿ, ಮಾಸ್ತಿಯವರ ಅಧ್ಯಕ್ಷತೆಯಲ್ಲಿ, ಬೇಂದ್ರೆಯವರು ತಮ್ಮ ಹಕ್ಕಿಯ ಕವಿತೆ ಓದಿದ್ದನ್ನು ಕನ್ನಡನಾಡು ಇನ್ನೂ ಮಾತಾಡಿಕೊಳ್ಳುತ್ತಿಲ್ಲವೇ?’

ಮಾತಾಡಿಕೊಳ್ಳುತ್ತಿದೆ. ಆದರೆ ಏನೆಂದು? ಕವಿತೆಯ ಬಗ್ಗೆ, ಆ ದನಿಯ ಬಗ್ಗೆ. ಅದಕ್ಕೆ ಮುಂಚೆ ಅವರು ಆಡಿದ ಎರಡು ಮಾತು ಯಾವುದು ಎಂದು ಯಾರೂ ನೆನಪಿಟ್ಟಿಲ್ಲ. ಪೂರ್ವಪಕ್ಷಿಯ ಉದಾಹರಣೆ ನಮ್ಮ ಪಕ್ಷಕ್ಕೇ ಸಾಕ್ಷಿ ಹೇಳುತ್ತಿದೆ.

ಸಿದ್ಧಾಂತ

ಗಮಕದಲ್ಲಿ ಶ್ರಮವಿಭಜನೆ ಅಚ್ಚುಕಟ್ಟು. ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು, ಬರೆದವನು ತೀರಿಕೊಂಡು ಶತಮಾನಗಳಾಗಿವೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರಲ್ಲಿ ಈ ಕಲೆ ಇನ್ನೂ ಉಸಿರಾಡುತ್ತಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕರ್ಣಭೇದನದ ಭಾಗ ಮುಗಿಸಿ ಮನೆಗೆ ಹೊರಟ ಕೇಳುಗರು ದಾರಿಯುದ್ದಕ್ಕೂ ಕರ್ಣ ಹಾಗೆ ಮಾಡಬೇಕಿತ್ತೋ ಬೇಡವೋ ಎಂದು ಜಗಳವಾಡುತ್ತಾರೆ. ಕುಮಾರವ್ಯಾಸನಿಗೆ ಇದು ಹೇಗೆ ಹೊಳೆಯಿತು ಎಂಬುದು ಯಾರ ತಲೆಗೂ ಬರುವುದಿಲ್ಲ. ಕರ್ಣನೇ ಎದುರಿಗೆ ನಿಂತಿರುವಾಗ ಕವಿಯ ಕೈಬರಹದ ಚಿಂತೆ ಯಾರಿಗೆ? ಕರ್ಣ ಬಾರದೇ ಹೋದ ದಿನವೇ ಸೃಜನಪ್ರಕ್ರಿಯೆಯ ಪ್ರಶ್ನೆ ಏಳುತ್ತದೆ. ಅದು ಎದ್ದ ಕೂಡಲೇ ಕವಿತೆ ಮೆಲ್ಲಗೆ ಕೂತುಬಿಡುತ್ತದೆ.

ಬರಹಗಾರ ಓದಿ ಹೇಳುವ, ಕೇಳುಗರು ನಡುವೆ ಬಾಯಿಹಾಕುವ ಸಂವಾದಕ್ಕೆ ಕನ್ನಡದಲ್ಲಿ ಮೇಲ್ಪಂಕ್ತಿ ಮುದ್ದಣ–ಮನೋರಮೆಯರದು. ಮಳೆಗಾಲದಲ್ಲಿ ಗಂಡ ರಾಮಾಶ್ವಮೇಧದ ಕಥೆ ತೆಗೆದರೆ, ಹೆಂಡತಿ ಪದ್ಯ ಬೇಡ ಎನ್ನುತ್ತಾಳೆ. ಗದ್ಯವಾದರೂ ಸಂಸ್ಕೃತದ ಹೊರೆ ಬೇಡ, ತಿಳಿಗನ್ನಡವಾಗಲಿ ಎನ್ನುತ್ತಾಳೆ. ಕಥೆ ಎಳೆದರೆ ಛೇಡಿಸುತ್ತಾಳೆ. ಅವಳು ಕೇಳುವುದೆಲ್ಲ ಮುಂದೇನಾಯಿತು ಎಂದು. ಇದನ್ನು ಬರೆದ ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು. ತನ್ನದೆಂದು ಹೇಳಿಕೊಳ್ಳದೆ, ಯಾರೋ ಹಳೆಯ ಕವಿಯ ಓಲೆಗರಿಯ ಗ್ರಂಥ ಎಂಬ ಸೋಗಿನಲ್ಲಿ ಕೃತಿಯನ್ನು ಮೈಸೂರಿಗೆ ಅಚ್ಚಿಗೆ ಕಳಿಸಿ, 1901ರಲ್ಲಿ ಮೂವತ್ತೊಂದರ ಆಸುಪಾಸಿನಲ್ಲಿ ಕ್ಷಯದಿಂದ ತೀರಿಕೊಂಡ. ಬರಹಗಾರ–ಕೇಳುಗರ ಅತ್ಯುತ್ತಮ ಸಂವಾದವನ್ನು ಕನ್ನಡಕ್ಕೆ ಕೊಟ್ಟವನು ಅದರ ಮೇಲೆ ತನ್ನ ಹೆಸರನ್ನೂ ಹಾಕಿಕೊಳ್ಳಲಿಲ್ಲ. ಅವನ ಪುಸ್ತಕ ಯಾರ ಶಿಫಾರಸೂ ಇಲ್ಲದೆ ಈಗಲೂ ಓದಿಸಿಕೊಳ್ಳುತ್ತಿದೆ.

ಆದ್ದರಿಂದ ಸೂತ್ರಗಳು:

ಒಂದು, ಎರಡು ಮಾತನ್ನು ಕವಿತೆಯ ನಂತರ, ಯಾರಾದರೂ ಕೇಳಿದರೆ ಮಾತ್ರ ಆಡತಕ್ಕದ್ದು.

ಎರಡು, ವಿವರಣೆ ಕವಿತೆಗಿಂತ ಉದ್ದವಾದರೆ ವಿವರಣೆಯನ್ನೇ ಕವಿತೆಯೆಂದು ಘೋಷಿಸಿ, ಕವಿತೆಯನ್ನು ಅಡಿಟಿಪ್ಪಣಿಯಾಗಿ ಓದತಕ್ಕದ್ದು.

ಮೂರು, ಸೃಜನಪ್ರಕ್ರಿಯೆಯ ಬಗ್ಗೆ ಪ್ರಶ್ನೆ ಕೇಳುವವನು ಅದೇ ಕವಿಯ ಒಂದು ಸಾಲನ್ನಾದರೂ ನೆನಪಿನಿಂದ ಹೇಳತಕ್ಕದ್ದು. ಈ ಸೂತ್ರ ಜಾರಿಗೆ ಬಂದ ದಿನ ಸಂವಾದಕ್ಕೆ ಮೀಸಲಿಟ್ಟ ಸಮಯವೆಲ್ಲ ಊಟಕ್ಕೆ ಒದಗುವುದು.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದ ಕವಿಗೆ ಗೋಷ್ಠಿಯಲ್ಲಿ ಒಳ್ಳೆಯ ಸರದಿ ದೊರೆಯುವುದು: ಉಪ್ಪಿಟ್ಟಿನ ನಂತರ, ಊಟದ ಮುನ್ನ. ಓದಿಸಿ ಕೇಳಿದ ಸಂಘಟಕರಿಗೆ ಅಧ್ಯಕ್ಷರು ಸಕಾಲಕ್ಕೆ ಬರುವರು. ಪ್ರತಿ ಮಾಡಿ ಹಂಚಿದವರಿಗೆ ಮುಂದಿನ ಜನ್ಮದಲ್ಲಿ ನಾಲ್ಕು ಬಾಗಿಲಿನ ಸಭಾಂಗಣ ಲಭಿಸುವುದು. ಈ ಗ್ರಂಥ ಹೇಗೆ ಹುಟ್ಟಿತು, ಯಾವ ಮನಃಸ್ಥಿತಿಯಲ್ಲಿ ಮೂಡಿಬಂತು ಎಂಬ ವಿಷಯವಾಗಿ ಪ್ರತ್ಯೇಕ ಉಪನ್ಯಾಸ ನೀಡಲು ಗ್ರಂಥಕರ್ತೃ ಸದಾ ಸಿದ್ಧ. ಹೋಗಿಬರುವ ಖರ್ಚು ಸಂಘಟಕರದ್ದು.