ಬೆಳಗಿನ ಮೂರು ಗಂಟೆಯ ವಿರಾಗಿ

ಬೈಲಕುಪ್ಪೆಯ ಸ್ವರ್ಣ ಮಂದಿರದಲ್ಲಿ 60 ಅಡಿಯ ಬುದ್ಧನೆದುರು ಕತ್ತೆತ್ತಿ ನಿಂತ ಹರಟೆಗಾರನಿಗೆ ಮೊದಲು ಕುತ್ತಿಗೆ ಹಿಡಿಯಿತು, ಆಮೇಲೆ ವೈರಾಗ್ಯ. ಮಂದಿರ ನಿಂಗ್ಮಾ ಪಂಥದ್ದು, ಅವನು ಆರಾಧಿಸುವ ದಲೈ ಲಾಮಾ ಗೆಲುಗ್ ಪಂಥದವರು. ವೈರಾಗ್ಯಕ್ಕೆ ಆ ಭೇದ ತಿಳಿಯಲಿಲ್ಲ. ಹೊರಬಂದು ಎರಡು ಪ್ಲೇಟ್ ಮೊಮೊ ಮುಗಿಸುವಷ್ಟರಲ್ಲಿ ಅವರಂತೆಯೇ ಬದುಕುವುದೆಂದು ತೀರ್ಮಾನವಾಗಿತ್ತು.

ಧರ್ಮಶಾಲೆಯಲ್ಲಿ ಅವರು ಏಳುವುದು ಬೆಳಗಿನ 3 ಗಂಟೆಗೆ. 5ರವರೆಗೆ ಪ್ರಾರ್ಥನೆ, ಧ್ಯಾನ. ಭಿಕ್ಷುವಾದ್ದರಿಂದ ರಾತ್ರಿ ಊಟವಿಲ್ಲ. ಈ ಊಟದ ವಿಷಯವನ್ನು ಹರಟೆಗಾರ ಎರಡನೇ ಹಂತಕ್ಕೆ ಮುಂದೂಡಿದ.

ಮರುದಿನ 3ಕ್ಕೆ ಎದ್ದು, ಕತ್ತಲಲ್ಲಿ ‘ನಾನು ಯಾರು?’ ಎಂದು ಚಿಂತಿಸುತ್ತ ನಡೆದವನ ಕಾಲಿಗೆ ನೀರು ತುಂಬಿದ ಸ್ಟೀಲ್ ಕೊಡ ತಾಗಿತು. ಸದ್ದಿಗೆ ಎಚ್ಚೆತ್ತ ಹೆಂಡತಿ ಒಳಗಿನಿಂದಲೇ ಕೂಗಿದಳು:

“ಯಾರದು?”

“ಅದನ್ನೇ ಯೋಚಿಸ್ತಿದ್ದೆ ಕಣೇ.”

“ಯೋಚಿಸ್ತಾ ಹಾಗೇ ನೆಲ ಒರೆಸಿಬಿಡಿ.”

‘ನಾನು’ ಎಂಬ ಸ್ಥಿರ ವಸ್ತುವೇ ಇಲ್ಲ ಎನ್ನುತ್ತದೆ ಬೌದ್ಧ ದರ್ಶನ. ಸರಿ, ಆದರೆ ನೆಲ ಒರೆಸಲು ಯಾರಾದರೊಬ್ಬರು ಇರಲೇಬೇಕಲ್ಲ!

ಧ್ಯಾನಕ್ಕಿಂತ ಹವ್ಯಾಸ ಸುಲಭವೆನಿಸಿತು. ಬಾಲಕ ದಲೈ ಲಾಮಾಗೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಗಡಿಯಾರವೊಂದನ್ನು ಕಳಿಸಿದ್ದರು; ಗಡಿಯಾರ ಬಿಚ್ಚಿ ರಿಪೇರಿ ಮಾಡುವುದು ಅವರಿಗೆ ಚಿಕ್ಕಂದಿನಿಂದಲೂ ಪ್ರೀತಿ. ಹರಟೆಗಾರನೂ ಗೋಡೆ ಗಡಿಯಾರ ಇಳಿಸಿ ಬಿಚ್ಚಿದ, ಮತ್ತೆ ಜೋಡಿಸಿದ. ಎರಡು ತಿರುಪು ಉಳಿದವು. ಗಡಿಯಾರ ಮಾತ್ರ ಅಂದಿನಿಂದ 3 ಗಂಟೆಯಲ್ಲೇ ಧ್ಯಾನಕ್ಕೆ ಕೂತಿದೆ.

ಎರಡನೇ ಹಂತಕ್ಕೆ ಬೇಕಾದೀತೆಂದು ಹೆಂಡತಿ ಆ ತಿರುಪುಗಳನ್ನು ಸಾಸಿವೆ ಡಬ್ಬಿಯ ಪಕ್ಕ ಜೋಪಾನವಾಗಿ ಇಟ್ಟಿದ್ದಾಳೆ.