ಸೈಟು ಮಾರುವವರ ಮೌಲ್ಯಗಳು: ಬಳಕೆದಾರರ ಕೈಪಿಡಿ

ರಿಯಲ್ ಎಸ್ಟೇಟ್ ವೃತ್ತಿಯನ್ನು ಆರಿಸಿಕೊಂಡ ನಿಮಗೆ ಅಭಿನಂದನೆಗಳು. ಹಿಂದಿನವರು ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಎರಡೇ ಸಾಹಸಗಳನ್ನು ಲೆಕ್ಕಕ್ಕೆ ಹಿಡಿದರು. ಸೈಟು ಮಾರಿ ನೋಡು ಎನ್ನಲಿಲ್ಲ. ಅವರ ಕಾಲಕ್ಕೆ ದೇವನಹಳ್ಳಿ ಎಂದರೆ ಚಕ್ಕೋತ ಹಣ್ಣು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಮಣ್ಣಿನ ಮುಖ್ಯ ಬೆಳೆ 30×40 ಸೈಟು. ಮಳೆ ಬಂದರೂ ಬರದಿದ್ದರೂ ಫಸಲು ಖಾತ್ರಿ.

ಈ ವೃತ್ತಿಯಲ್ಲಿ ನಾಲ್ಕು ಕಾಸು ಕಂಡ ಕೂಡಲೇ ನಿಮಗೊಂದು ಸನ್ಮಾನ ನಿಗದಿಯಾಗುತ್ತದೆ. ಗಣೇಶೋತ್ಸವದ ವೇದಿಕೆಯಲ್ಲೋ ರಾಜ್ಯೋತ್ಸವದ ಸ್ಮರಣ ಸಂಚಿಕೆಯಲ್ಲೋ ಮೂರು ಪ್ರಶ್ನೆ ಎದುರಾಗುತ್ತವೆ. ನಿಮ್ಮ ಮೌಲ್ಯಗಳೇನು? ಪ್ರೇರಣೆ ಯಾರು? ಯಶಸ್ಸಿನ ಗುಟ್ಟೇನು? ಲೇಔಟಿಗೆ ಮಂಜೂರಾತಿ ಇಲ್ಲದೆ ಹೇಗೋ ನಡೆಯುತ್ತದೆ, ಈ ಮೂರಕ್ಕೆ ಉತ್ತರ ಇಲ್ಲದೆ ನಡೆಯುವುದಿಲ್ಲ. ಅದಕ್ಕಾಗಿ ಈ ಕೈಪಿಡಿ. ಬಳಕೆಗೆ ಮುನ್ನ ಪೂರ್ತಿ ಓದಿ. ಗ್ರಾಹಕರ ಕೈಗೆ ಸಿಗದಂತೆ ಇಡಿ.

1. ಪೆಟ್ಟಿಗೆಯಲ್ಲಿರುವ ಸಾಮಗ್ರಿ

ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂತಿನಲ್ಲಿ ಕೊಂಡ ದೊಡ್ಡ ಕಾರು, ಎರಡು ಫೋನು, ಲ್ಯಾಮಿನೇಷನ್ ಮಾಡಿಸಿದ ಲೇಔಟ್ ನಕ್ಷೆ ಮತ್ತು ಒಂದು ಕಟ್ಟು ವಿಸಿಟಿಂಗ್ ಕಾರ್ಡು. ಕಾರ್ಡಿನ ಮೇಲೆ ‘ಬ್ರೋಕರ್’ ಎಂದಿದ್ದರೆ ವಾಪಸು ಕಳಿಸಿ, ಅದು ಹಳೇ ಸರಕು. ಹೊಸ ಮಾದರಿಯಲ್ಲಿ ‘ಪ್ರಾಪರ್ಟಿ ಕನ್ಸಲ್ಟೆಂಟ್’ ಎಂದಿರುತ್ತದೆ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ನೋಂದಣಿ ಪತ್ರ ಮಾತ್ರ ಪೆಟ್ಟಿಗೆಯಲ್ಲಿ ಇರುವುದಿಲ್ಲ. 2016ರ ಈ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನೋಂದಾಯಿತ ಯೋಜನೆಯ ಸೈಟನ್ನೋ ಫ್ಲಾಟನ್ನೋ ಮಾರಿಸಿಕೊಡುವ ಏಜೆಂಟರು ತಾವೂ ನೋಂದಣಿ ಮಾಡಿಸಿಕೊಳ್ಳಬೇಕು. ಮಾಡಿಸದಿದ್ದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ. ಅದು ಬೆಳೆಯುತ್ತ ಆಸ್ತಿಯ ಬೆಲೆಯ ಶೇ 5ರವರೆಗೂ ಹೋಗಬಹುದು. ಇಷ್ಟು ತಿಳಿದಿರುವ ಗ್ರಾಹಕರು ಕಡಿಮೆ ಎಂಬುದೇ ಸದ್ಯಕ್ಕೆ ನಿಮ್ಮ ಬಂಡವಾಳ.

2. ಮೌಲ್ಯಗಳನ್ನು ಅಳವಡಿಸುವ ವಿಧಾನ

ಪಾರದರ್ಶಕತೆ. ಇರುವ ಕಾಗದವನ್ನೆಲ್ಲ ಧಾರಾಳವಾಗಿ ತೋರಿಸಿ. ಇಲ್ಲದ್ದನ್ನು ತೋರಿಸಲು ಹೇಗೂ ಆಗುವುದಿಲ್ಲ, ಆದ್ದರಿಂದ ಅದರ ಪ್ರಸ್ತಾಪವೇ ಬೇಡ. ಬಿ ಖಾತಾ ಇದ್ದರೆ ‘ಖಾತಾ ಆಗಿದೆ’ ಎಂದಷ್ಟೇ ಹೇಳಿ. ಹಿಂದಿನ ಬಿಬಿಎಂಪಿ ತೆರಿಗೆ ಕಟ್ಟಿಸಿಕೊಳ್ಳಲೆಂದು ಇಟ್ಟ ಪುಸ್ತಕಕ್ಕೂ ಸಕ್ರಮ ಆಸ್ತಿಯ ಪುಸ್ತಕಕ್ಕೂ ನಡುವೆ ಇರುವುದು ಒಂದೇ ಅಕ್ಷರ. ಋಣಭಾರ ಪತ್ರ, ಅಂದರೆ ಇಸಿ, ನಿಲ್ ಬಂದಿದ್ದರೆ ಅದನ್ನು ಎತ್ತಿ ಹಿಡಿದು ತೋರಿಸಿ. ಇಸಿಯಲ್ಲಿ ಕಾಣುವುದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು ಅದರಲ್ಲಿ ಬರುವುದಿಲ್ಲ. ಈ ಮಾಹಿತಿಯನ್ನು ವಿನಯದಿಂದ ನಿಮ್ಮಲ್ಲೇ ಇಟ್ಟುಕೊಳ್ಳಿ.

ಸತ್ಯಸಂಧತೆ. ಸುಳ್ಳು ಹೇಳಬೇಡಿ. ಭವಿಷ್ಯತ್ ಕಾಲದ ಕ್ರಿಯಾಪದ ಇರುವಾಗ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ. ‘ಇಲ್ಲೇ ರಿಂಗ್ ರೋಡ್ ಬರುತ್ತೆ ಸಾರ್’ ಎಂದರೆ ಅದು ನಂಬಿಕೆ. ನಂಬಿಕೆ ಮೇಲೆ ಕೇಸು ಹಾಕಲು ಬರುವುದಿಲ್ಲ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2005ರಲ್ಲಿ. ಎರಡು ದಶಕ ಕಳೆದರೂ ರಸ್ತೆ ಆಗಲಿಲ್ಲ, ಹೆಸರು ಮಾತ್ರ ಬದಲಾಯಿತು. ಅದರ ಪಕ್ಕದ ಸೈಟುಗಳು ಮಾತ್ರ ಒಂದು ದಿನವೂ ಮಾರಾಟ ನಿಲ್ಲಿಸಲಿಲ್ಲ.

ಸಮಯಪ್ರಜ್ಞೆ. ‘ಏರ್‌ಪೋರ್ಟಿಗೆ 10 ನಿಮಿಷ’ ಎಂಬುದನ್ನು ಮುಂಜಾನೆ ನಾಲ್ಕೂವರೆಗೆ ಅಳೆದು ನೋಡಿ. ಚಿಂತಾಮಣಿಯ ಸೈಟಿಗೆ ಈ ವಾಕ್ಯ ಬಳಸಬೇಡಿ, ಅಲ್ಲಿಗೆ ‘ಏರ್‌ಪೋರ್ಟ್ ಸರೌಂಡಿಂಗ್’ ಸಾಕು.

ಅಳತೆಯಲ್ಲಿ ನಿಷ್ಠೆ. ಫ್ಲಾಟು ಮಾರುವಾಗ ಸೂಪರ್ ಬಿಲ್ಟ್‌ಅಪ್ ಲೆಕ್ಕದಲ್ಲಿ ಮಾತಾಡಿ. ಮೆಟ್ಟಿಲು, ಲಿಫ್ಟು, ಮೊಗಸಾಲೆ, ಕಾವಲುಗಾರ ಕೂರುವ ಜಾಗ ಎಲ್ಲದರಲ್ಲೂ ಗ್ರಾಹಕರಿಗೆ ಪಾಲು ಕೊಡುವಷ್ಟು ನೀವು ಉದಾರಿಗಳು. ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದು ಹಟ ಹಿಡಿಯುತ್ತದೆ, ಅಂದರೆ ಹೊರಗೋಡೆಗಳ ಒಳಗೆ ನಿಜವಾಗಿ ಬಳಕೆಗೆ ಸಿಗುವ ನೆಲ. ಅದು ಗೃಹಪ್ರವೇಶದ ದಿನ ಗ್ರಾಹಕರಿಗೆ ತಾನಾಗಿ ತಿಳಿಯುತ್ತದೆ.

ಸಂಸ್ಕೃತಿಯ ಮೇಲೆ ಗೌರವ. ಸೊಟ್ಟ ಸೈಟು ಎಂಬುದು ವಾಸ್ತುಶಾಸ್ತ್ರದಲ್ಲಿ ಇಲ್ಲ. ಮುಂದೆ ಕಿರಿದು ಹಿಂದೆ ಅಗಲವಿದ್ದರೆ ಗೋಮುಖ, ಮನೆಗೆ ಶ್ರೇಷ್ಠ. ಮುಂದೆ ಅಗಲ ಹಿಂದೆ ಕಿರಿದಾಗಿದ್ದರೆ ಸಿಂಹಮುಖ, ವ್ಯಾಪಾರಕ್ಕೆ ಶ್ರೇಷ್ಠ. ಈಶಾನ್ಯ ಕಡೆ ಬೆಳೆದಿದ್ದರೆ ದೇವಮೂಲೆ ತುಂಬಿದೆ ಎಂದು ಅಡಿಯ ಬೆಲೆಗೆ ಇನ್ನಷ್ಟು ಸೇರಿಸಿ.

3. ಪ್ರೇರಣೆ

ಪ್ರೇರಣಾ ಪುರುಷರು ಮೂವರಿದ್ದರೆ ಸಾಕು. ಹೆಚ್ಚಾದರೆ ಭಾಷಣ ಉದ್ದವಾಗುತ್ತದೆ, ಊಟ ತಣ್ಣಗಾಗುತ್ತದೆ.

ಮೊದಲನೆಯವರು ಕೆಂಪೇಗೌಡರು. ‘ಬೆಂಗಳೂರಿನ ಮೊದಲ ಡೆವಲಪರ್’ ಎಂದು ಹೇಳಿ, ಚಪ್ಪಾಳೆ ಬೀಳುತ್ತದೆ. ಪೇಟೆ ಕಟ್ಟಿದವರು ಜೊತೆಗೇ ಕೆರೆಗಳನ್ನೂ ಕಟ್ಟಿಸಿದರು ಎಂಬ ಭಾಗವನ್ನು ಹಾರಿಸಿಬಿಡಿ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಈಗ ಬಸ್ ನಿಲ್ದಾಣ ಇದೆ, ಅದಕ್ಕೆ ಕೆಂಪೇಗೌಡರದೇ ಹೆಸರು. ಸಂಪಂಗಿ ಕೆರೆಯ ಬಹುಭಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಕೆರೆಯನ್ನು ಸಮತಟ್ಟು ಮಾಡುವುದನ್ನು ನಮ್ಮ ವೃತ್ತಿಯವರೇ ಶುರು ಮಾಡಿದರು ಎಂದು ಯಾರಾದರೂ ದೂರಿದರೆ ಈ ಎರಡು ಉದಾಹರಣೆ ಕೊಡಿ. ಸರ್ಕಾರವೇ ಹಾಕಿಕೊಟ್ಟ ದಾರಿ ಅದು.

ಎರಡನೆಯವನು ವಾಮನ. ಮೂರೇ ಹೆಜ್ಜೆ ನೆಲ ಎಂದು ಕರಾರು ಮಾಡಿಕೊಂಡು, ಕರಾರಾದ ಮೇಲೆ ಹೆಜ್ಜೆಯ ಅಳತೆ ಬದಲಿಸಿದವನು. ಬಲಿ ಚಕ್ರವರ್ತಿಗೆ ಸಲಹೆಗಾರರು ಇರಲಿಲ್ಲವೇ ಎಂದರೆ ಇದ್ದರು. ಶುಕ್ರಾಚಾರ್ಯರು ಬೇಡ ಎಂದರು, ಕಮಂಡಲದ ಮೂತಿಗೆ ಅಡ್ಡ ಕೂತರು, ಒಂದು ಕಣ್ಣು ಕಳೆದುಕೊಂಡರು. ವಕೀಲರನ್ನು ಕರೆತರುವ ಗ್ರಾಹಕರಿಗೆ ಈ ಕತೆಯನ್ನು ನಯವಾಗಿ ಹೇಳಬಹುದು.

ಮೂರನೆಯವನು ಹರಿಶ್ಚಂದ್ರ. ಚಿತ್ರಪಟವಾಗಿ ಕಚೇರಿಯ ಗೋಡೆಗೆ ಉತ್ತಮ.

4. ಚಾಲನೆ

ಸೈಟು ತೋರಿಸಲು ಭಾನುವಾರ ಬೆಳಗ್ಗೆಯೇ ಕರೆದೊಯ್ಯಿರಿ. ದಾರಿಯಲ್ಲಿ ತಟ್ಟೆ ಇಡ್ಲಿ, ಕಾಫಿ ನಿಮ್ಮ ಖರ್ಚಿನಲ್ಲಿ. ಋಣದ ತೂಕ ಎಷ್ಟೆಂದು ಟೋಕನ್ ಅಡ್ವಾನ್ಸ್ ಕೇಳುವ ಹೊತ್ತಿಗೆ ತಿಳಿಯುತ್ತದೆ. ಮನೆಯವರೆಲ್ಲ ಬರಲಿ, ಆದರೆ ರೆವಿನ್ಯೂ ಇಲಾಖೆಯಿಂದ ನಿವೃತ್ತರಾದ ಚಿಕ್ಕಪ್ಪ ಇದ್ದರೆ ಕಾರಿನಲ್ಲಿ ಜಾಗ ಇಲ್ಲ ಎನ್ನಿ. ಆ ಚಿಕ್ಕಪ್ಪ ಇಳಿದ ಕೂಡಲೇ ಸರ್ವೆ ನಂಬರ್ ಕೇಳುತ್ತಾರೆ, ಸಾರ್ವಜನಿಕರ ಪಾಲಿನ ಬಿ ಖರಾಬು ಎಷ್ಟು ಗುಂಟೆ ಎನ್ನುತ್ತಾರೆ, ಹಿಸ್ಸೆ ಬೇರ್ಪಡಿಸಿ ಪೋಡಿ ಆಗಿದೆಯೇ ಎನ್ನುತ್ತಾರೆ. ವ್ಯವಹಾರ ಅಲ್ಲಿಗೆ ಮುಗಿಯುತ್ತದೆ.

ಮಳೆಗಾಲದಲ್ಲಿ ಉಪಕರಣವನ್ನು ಚಾಲೂ ಮಾಡಬಾರದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಐಟಿ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಅಂಗಳದಲ್ಲಿ ದೋಣಿ ಓಡಾಡಿತು. ನೀರಿಗೆ ಮಾಸ್ಟರ್ ಪ್ಲಾನ್ ಗೊತ್ತಿಲ್ಲ, ಹಳೇ ರಾಜಕಾಲುವೆ ಗೊತ್ತು. ಫೆಬ್ರವರಿಯಲ್ಲಿ ತೋರಿಸಿದರೆ ಅದೇ ಜಾಗ ‘ಲೇಕ್ ವ್ಯೂ’.

ಗ್ರಾಹಕರು ಯೋಚಿಸಿ ಹೇಳುತ್ತೇವೆ ಎಂದರೆ ಈ ವಾಕ್ಯ ಒತ್ತಿ: ‘ಸಾರ್, ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದೆ. ನೀವು ಟೋಕನ್ ಹಾಕ್ಬಿಟ್ರೆ ನಾನು ಅವರಿಗೆ ಇಲ್ಲ ಅಂತೀನಿ.’ ಸಂಜೆಯ ಆ ಪಾರ್ಟಿಯನ್ನು ಈವರೆಗೆ ಯಾವ ಗ್ರಾಹಕರೂ ಕಂಡಿಲ್ಲ. ಈ ಉದ್ಯಮ ನಿಂತಿರುವುದೇ ಆ ಪಾರ್ಟಿಯ ಹೆಗಲ ಮೇಲೆ.

5. ದೋಷ ನಿವಾರಣೆ

ದೋಷ: ಮಾರಾಟವಾದ ಮೇಲೆ ಮಾಲೀಕರ ತಂಗಿ ಪ್ರತ್ಯಕ್ಷಳಾಗುತ್ತಾಳೆ. 
ಕಾರಣ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆಗ ತಂದೆ ಬದುಕಿರಲಿ ಬಿಡಲಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. 
ಪರಿಹಾರ: ಮೊದಲೇ ವಂಶವೃಕ್ಷ ತೆಗೆಸಿ ಎಲ್ಲರ ಸಹಿ ಹಾಕಿಸಬೇಕಿತ್ತು. ಈಗ ಪರಿಹಾರ ಇಲ್ಲ, ಫೋನ್ ನಂಬರ್ ಬದಲಿಸಿ.

ದೋಷ: ಜಿಪಿಎ, ಅಂದರೆ ಮುಖ್ತ್ಯಾರುಪತ್ರದ ಮೇಲೆ ಕೊಡಿಸಿದ ಸೈಟು ಗ್ರಾಹಕರ ಹೆಸರಿಗೆ ಆಗುತ್ತಿಲ್ಲ. 
ಕಾರಣ: ಜಿಪಿಎ ಮಾರಾಟದಿಂದ ಮಾಲೀಕತ್ವ ಸಿಗುವುದಿಲ್ಲ, ಅದಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. 
ಪರಿಹಾರ: ‘ಎಲ್ಲರೂ ಹೀಗೇ ಮಾಡಿಸ್ಕೊಂಡಿದ್ದಾರೆ ಸಾರ್.’ ಇದು ಪರಿಹಾರ ಅಲ್ಲ, ಆದರೂ ಆರು ತಿಂಗಳು ಬಾಳಿಕೆ ಬರುತ್ತದೆ.

ದೋಷ: ಎಲ್ಲ ಕಾಗದ ಸರಿಯಿದ್ದರೂ ಉಪವಿಭಾಗಾಧಿಕಾರಿಯಿಂದ ನೋಟಿಸ್ ಬಂದಿದೆ. 
ಕಾರಣ: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡಿದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಮಾರಾಟವೇ ಅಸಿಂಧು. 
ಪರಿಹಾರ: ಪಹಣಿಯನ್ನಷ್ಟೇ ಅಲ್ಲ, ಮೂಲ ಮಂಜೂರಾತಿ ಕಡತವನ್ನೂ ತೆಗೆಸಿ ನೋಡುವುದು. ಬಡವರ ಜಮೀನು ಅಷ್ಟು ಅಗ್ಗಕ್ಕೆ ಏಕೆ ಸಿಕ್ಕಿತು ಎಂಬ ಪ್ರಶ್ನೆಗೆ ಉತ್ತರ ಅಲ್ಲಿರುತ್ತದೆ.

ದೋಷ: ಗ್ರಾಹಕರು ಪೂರ್ತಿ ಚೆಕ್ಕಿನಲ್ಲೇ ಕೊಡುತ್ತೇನೆ ಎಂದು ಹಟ ಹಿಡಿದಿದ್ದಾರೆ. 
ಕಾರಣ: ಆಸ್ತಿ ವ್ಯವಹಾರದ ಮುಂಗಡವನ್ನು 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯಬಾರದು ಎಂಬ ಆದಾಯ ತೆರಿಗೆ ನಿಯಮ 2015ರಲ್ಲಿ ಬಂತು. ಪಡೆದವರಿಗೆ ಅಷ್ಟೇ ಮೊತ್ತದ ದಂಡ. 
ಪರಿಹಾರ: ಇಂಥ ಗ್ರಾಹಕರು ದೋಷ ಅಲ್ಲ, ಅಪರೂಪ. ಅವರಿಗೆ ಕಾಫಿ ಕೊಡಿಸಿ.

6. ಎಚ್ಚರಿಕೆ: ಪೇಟೆಯಲ್ಲಿ ಹಳೆಯ ಮಾದರಿ ಇನ್ನೂ ಓಡುತ್ತಿದೆ

ತಾಲ್ಲೂಕು ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಈ ಮಾದರಿಯ ಬ್ರೋಕರುಗಳನ್ನು ಕಾಣಬಹುದು. ಪಂಚೆ, ಹಳೇ ಮೊಪೆಡ್ಡು, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಜೆರಾಕ್ಸು. ಕಾರ್ಡಿಲ್ಲ, ಸನ್ಮಾನ ಆಗಿಲ್ಲ, ಪ್ರೇರಣೆ ಯಾರೆಂದು ಯಾರೂ ಕೇಳಿಲ್ಲ. ಗ್ರಾಹಕರು ಜಮೀನು ಮೆಚ್ಚಿ ಅಡ್ವಾನ್ಸ್ ತೆಗೆಯುವ ಹೊತ್ತಿಗೆ ಇವರು ‘ಬೇಡಿ ಸ್ವಾಮಿ, ಅದರಲ್ಲಿ ಅಣ್ಣತಮ್ಮಂದಿರ ತಕರಾರಿದೆ’ ಎಂದುಬಿಡುತ್ತಾರೆ. ಶೇ 2ರ ಕಮಿಷನ್ ಕಣ್ಣೆದುರೇ ಎದ್ದುಹೋಗುತ್ತದೆ. ನಮ್ಮ ಕೈಪಿಡಿಯ ಲೆಕ್ಕದಲ್ಲಿ ಇದು ಯಂತ್ರದೋಷ.

ಆದರೆ ಆ ಗ್ರಾಹಕರು ಮರಳಿ ಇವರ ಹತ್ತಿರವೇ ಬರುತ್ತಾರೆ. ಮಗನ ಮನೆಗೆ, ಮಗಳ ಸೈಟಿಗೆ, ತೋಟದ ಮಾರಾಟಕ್ಕೆ. ಯಾರದೋ ಪಾಲು ವಿಚಾರಿಸಲು ಬಂದವರು ಇವರ ಬಾಯಿಂದ ಮೂರು ತಲೆಮಾರಿನ ಚಕ್ಕುಬಂದಿ ಕೇಳಿಕೊಂಡು ಹೋಗುತ್ತಾರೆ. ಏಜೆಂಟರು ಸುಳ್ಳು ಅಥವಾ ದಾರಿ ತಪ್ಪಿಸುವ ಹೇಳಿಕೆ ಕೊಡಬಾರದು ಎಂದು ರೇರಾದ 10ನೇ ಸೆಕ್ಷನ್ ಹೇಳುತ್ತದೆ. ಆ ಸೆಕ್ಷನ್ ಹುಟ್ಟುವ ಎಷ್ಟೋ ಮುಂಚಿನಿಂದ ಇವರು ಅದನ್ನು ಪಾಲಿಸುತ್ತಿದ್ದಾರೆ, ಅದಕ್ಕೆ ಮೌಲ್ಯ ಎಂಬ ಹೆಸರಿದೆ ಎಂಬುದೂ ತಿಳಿಯದೆ. ನಿಮ್ಮ ಲಾಭ ನಿಂತಿರುವುದು ಒಂದು ಮಾರಾಟದ ಮೇಲೆ, ಇವರ ಬದುಕು ನಿಂತಿರುವುದು ಒಂದು ಊರಿನ ಮೇಲೆ. ಬೆಂಗಳೂರಿನಂಥ ಕಡೆ ಮಾರಿದವರೂ ಕೊಂಡವರೂ ಮತ್ತೆ ಎದುರಾಗುವುದಿಲ್ಲವಾದ್ದರಿಂದ ನಿಮ್ಮ ಮಾದರಿ ಹೆಚ್ಚು ಓಡುತ್ತದೆ. ಎದುರಾಗುವ ಊರಿನಲ್ಲಿ ಓಡುವುದಿಲ್ಲ.

7. ವಾರಂಟಿ

ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದವರೆಗೆ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡಬೇಕೆಂದು ರೇರಾ ಕಾಯ್ದೆ ಹೇಳುತ್ತದೆ. ಮಾತಿನ ರಚನೆಯಲ್ಲಿರುವ ದೋಷಕ್ಕೆ ನಾವು ಕೊಡುವ ವಾರಂಟಿ ಕಾರು ತಿರುಗಿಸಿಕೊಳ್ಳುವವರೆಗೆ ಮಾತ್ರ.

ಈ ಕೈಪಿಡಿ ಅಕಸ್ಮಾತ್ ಸೈಟು ಕೊಳ್ಳಲು ಹೊರಟವರ ಕೈಗೆ ಸಿಕ್ಕಿದ್ದರೆ ಒಂದು ಮಾತು. ನಿಮ್ಮನ್ನು ಕರೆದೊಯ್ಯುವವರ ಮೌಲ್ಯಗಳನ್ನು ಕೇಳಬೇಡಿ, ರೇರಾ ನೋಂದಣಿ ಸಂಖ್ಯೆ ಕೇಳಿ. ಮದರ್ ಡೀಡ್, ಅಂದರೆ ಮೂಲಪತ್ರ, ಕೇಳಿ, 30 ವರ್ಷದ ಇಸಿ ಕೇಳಿ, ಭೂಪರಿವರ್ತನೆ ಆದೇಶ ಕೇಳಿ, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಇವೆಯೇ ನೋಡಿ. ಬಿಲ್ಡರ್ ಜೊತೆ ನೋಂದಾಯಿತ ಕರಾರು ಆಗುವ ಮುನ್ನ ಶೇ 10ಕ್ಕಿಂತ ಹೆಚ್ಚು ಕೊಡಬೇಡಿ, ಕಾಯ್ದೆಯೇ ಅದನ್ನು ತಡೆದಿದೆ. ಒಂದು ಸಲ ಮಳೆ ಬಂದ ಮಾರನೇ ದಿನ ಹೋಗಿ ನೋಡಿ. ಚಿಕ್ಕಪ್ಪನನ್ನು ಕರೆದುಕೊಂಡೇ ಹೋಗಿ. ಇಷ್ಟೂ ಪ್ರಶ್ನೆಗೆ ಮುಖ ಗಂಟಿಕ್ಕದೆ ಉತ್ತರ ಕೊಟ್ಟವರು ಸಿಕ್ಕರೆ ಅವರ ಶೇ 2ನ್ನು ಚೌಕಾಸಿ ಮಾಡದೆ ಕೊಡಿ, ಅದು ಅವರು ದುಡಿದ ಹಣ.